ಅಕ್ಕಿಹೆಬ್ಬಾಳನ್ನು ಹುಡುಕುತ್ತಿದ್ದ ಟೆಲಿಫೋನು

ಹೈನುಗಾರರ ಸೇವೆ ಎಂದ ಕೂಡಲೇ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವವರು ಪಶುವೈದ್ಯರು. ಅವರ ಬ್ಯಾಗು ಹಿಡಿದು ಹಿಂದೆ ಬರುವ ಸಹಾಯಕರು ಆಮೇಲೆ. ಕೊಟ್ಟಿಗೆಯಲ್ಲಿ ರಾಸು ನರಳುತ್ತಿರುವಾಗ ಮನೆಯವರ ಕೂಗನ್ನು ವೈದ್ಯರ ಕಿವಿಗೆ ಮುಟ್ಟಿಸುವವರೊಬ್ಬರು ನಡುವೆ ಇರುತ್ತಾರೆ ಎಂಬುದು, ಆ ಕೂಗು ಮುಟ್ಟದೆ ಹೋದ ದಿನದ ಹೊರತು, ಯಾರಿಗೂ ಹೊಳೆಯುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಹೈನುಗಾರರ ಪಶುಸೇವಾ ಸಂಘದಲ್ಲಿ ಮೂವತ್ತಾರು ವರ್ಷ ಆ ನಡುವಿನ ಜಾಗದಲ್ಲಿ ಕುಳಿತು, ಟೆಲಿಫೋನು, ಕಂಪ್ಯೂಟರು, ದಾಖಲೆ ಪುಸ್ತಕ ಮೂರನ್ನೂ ಒಂದೇ ಶ್ರದ್ಧೆಯಿಂದ ಕಾಯ್ದು, ಈ ವರ್ಷ ನಿವೃತ್ತರಾಗಿರುವ ಶ್ರೀಯುತ ದೊರೆಸ್ವಾಮಿಯವರಿಗೆ ಸಂಘದ ಸಿಬ್ಬಂದಿಯ ಪರವಾಗಿ ಸಲ್ಲಿಸುತ್ತಿರುವ ಕಾಣಿಕೆ ಈ ಲೇಖನ. ಅಭಿನಂದನ ಸಂಪುಟಗಳಲ್ಲಿ ಸನ್ಮಾನಿತರು ಎಂದೂ ತಪ್ಪು ಮಾಡಿರುವುದಿಲ್ಲ. ಇದರಲ್ಲಿ ಮಾಡಿದ್ದಾರೆ, ಮತ್ತು ಆ ತಪ್ಪನ್ನು ಅವರು ನಡೆಸಿಕೊಂಡ ರೀತಿಗಾಗಿಯೇ ನಾವು ಅವರಿಗೆ ಹೆಚ್ಚು ಋಣಿಗಳಾಗಿದ್ದೇವೆ.

ದೊರೆಸ್ವಾಮಿಯವರು ಹುಟ್ಟಿದ್ದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಸಣ್ಣ ಮನೆಯಲ್ಲಿ. ತಂದೆ ದೇವಸ್ಥಾನದ ಪಾಕಶಾಲೆಯಲ್ಲಿದ್ದವರು. ತಾಯಿ ಭಾಗೀರಥಮ್ಮನವರಿಗೆ ಮಗ ಮೇಷ್ಟರಾಗಬೇಕೆಂಬ ಆಸೆ; ಮಗನಿಗೋ ಕೆಟ್ಟುಹೋದ ರೇಡಿಯೋ ಬಿಚ್ಚಿ ಹರಡಿಕೊಂಡು ಕೂರುವ ಚಪಲ. ೧೯೮೯ರಲ್ಲಿ ಸಂಘದ ಶ್ರೀರಂಗಪಟ್ಟಣ ಶಾಖೆಗೆ ಬೆರಳಚ್ಚುಗಾರರಾಗಿ ಬಂದಾಗ, ಮಡಿವಂತರ ಮನೆಯ ಈ ಹುಡುಗ ಸಗಣಿ ವಾಸನೆಗೆ ಮೂರು ತಿಂಗಳು ನಿಲ್ಲುವುದಿಲ್ಲ ಎಂದು ಅಲ್ಲಿನವರು ತಮಾಷೆ ಮಾಡಿದ್ದರಂತೆ. ಅವರು ನಿಂತರು. ನಿಂತದ್ದಲ್ಲದೆ, ಅರ್ಜಿ ಬರೆಸಿಕೊಳ್ಳಲು ಬಂದ ರೈತರಿಗೆ ಬೆಂಚು ತೋರಿಸಿ, ನೀರು ಕೊಟ್ಟು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸುವ ಪದ್ಧತಿಯನ್ನೂ ಹಾಕಿದರು.

೧೯೯೪ರಲ್ಲಿ ಪಾಂಡವಪುರಕ್ಕೆ ವರ್ಗವಾಯಿತು. ಅಲ್ಲಿ ಟೆಲಿಫೋನಿನ ಪಕ್ಕ ಒಂದು ಉದ್ದ ಪುಸ್ತಕ ತೆರೆದರು. ಕರೆ ಬಂದ ಗಳಿಗೆ, ಊರು, ರಾಸಿಗೆ ಏನಾಗಿದೆ ಎಂಬುದನ್ನು ಬರೆದು, ಕರೆ ಮಾಡಿದವರಿಗೇ ಅದನ್ನು ಮರಳಿ ಓದಿ ಹೇಳಬೇಕು. ಅಟೆಂಡರ್ ಚಿಕ್ಕಮಾದಯ್ಯನವರಿಗೆ ಅಕ್ಷರ ಅಷ್ಟಕ್ಕಷ್ಟೆ. ಫೋನು ಬಾರಿಸಿದರೆ ಅವರು ನೀರು ತರುವ ನೆಪದಲ್ಲಿ ಹಿತ್ತಿಲಿಗೆ ಹೊರಟುಬಿಡುತ್ತಿದ್ದರು. ದೊರೆಸ್ವಾಮಿಯವರು ಅದನ್ನು ಗಮನಿಸಿ, ಯಾರ ಮುಂದೆಯೂ ಆಡಿ ತೋರಿಸದೆ, ಮಧ್ಯಾಹ್ನದ ಊಟವಾದ ಮೇಲೆ ಅವರನ್ನು ಕೂರಿಸಿಕೊಂಡು ಎಂಟು ತಿಂಗಳು ಅಕ್ಷರ ತಿದ್ದಿಸಿದರು. ಚಿಕ್ಕಮಾದಯ್ಯನವರು ಈಗಲೂ ತಮ್ಮ ಮೊಮ್ಮಕ್ಕಳ ಎದುರು ಪತ್ರಿಕೆಯನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ಓದುತ್ತಾರೆ.

ಇನ್ನು ಅವರ ಮುಂದಿನ ವರ್ಗ, ಕೆ.ಆರ್. ಪೇಟೆ. ಇಲ್ಲಿಂದ ಮುಂದಿನ ಕಥೆ ಅಂದಿನ ತಾತ್ಕಾಲಿಕ ಆಪರೇಟರ್, ಇಂದಿನ ನಮ್ಮ ಸಂಘದ ಕಾರ್ಯದರ್ಶಿ ರಂಜಿತ ಅವರದು. ಅಂದಿನ ತನ್ನನ್ನು ಏಕವಚನದಲ್ಲೇ ಬರೆಯಬೇಕೆಂದು ಅವರೇ ಅಪ್ಪಣೆ ಕೊಟ್ಟಿರುವುದರಿಂದ ಈ ಲೇಖನದ ಮರ್ಯಾದೆಗೆ ಕುಂದೇನೂ ಇಲ್ಲ.

ಕಿಕ್ಕೇರಿಯ ಶಿವಣ್ಣನವರ ಮಗಳು ರಂಜಿತ ೨೦೦೧ರ ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೊಂದು. ಬೆಳಗಿನ ಮೊದಲ ಬಸ್ಸಿಗೆ ಬಂದು, ಬಾಗಿಲು ತೆಗೆದು, ಕಂಪ್ಯೂಟರುಗಳನ್ನೆಲ್ಲ ಹಾಕಿ, ಉಳಿದವರು ಬರುವ ಹೊತ್ತಿಗೆ ಹಿಂದಿನ ದಿನದ ಲಸಿಕೆಯ ವಿವರಗಳನ್ನೆಲ್ಲ ತುಂಬಿ ಮುಗಿಸಿರುತ್ತಿದ್ದಳು. ಕಚೇರಿಗೆ ಇದ್ದದ್ದು ಒಂದೇ ಟೆಲಿಫೋನು. ಅದರ ನಂಬರನ್ನು ತಾಲ್ಲೂಕಿನ ಹಳ್ಳಿಗಳ ಗೋಡೆಗಳ ಮೇಲೆಲ್ಲ ‘ರಾಸಿಗೆ ತೊಂದರೆಯೇ? ಕರೆ ಮಾಡಿ’ ಎಂದು ಸುಣ್ಣದ ಮೇಲೆ ಬರೆಸಲಾಗಿತ್ತು. ಅದೇ ತಂತಿಯ ಮೂಲಕ ದಿನಕ್ಕೊಂದು ಸಲ ಇಂಟರ್ನೆಟ್ಟಿಗೆ ಡಯಲ್ ಮಾಡಿ ಲಸಿಕೆಯ ಬೇಡಿಕೆಯನ್ನು ಇಮೇಲಿನಲ್ಲಿ ಕಳಿಸುವುದೂ ನಡೆಯುತ್ತಿತ್ತು. ಇದ್ದ ಮೂರು ಕಂಪ್ಯೂಟರುಗಳನ್ನು ದೊರೆಸ್ವಾಮಿಯವರು ಒಂದಕ್ಕೊಂದು ತಂತಿ ಎಳೆದು ಕೂಡಿಸಿ, ಡಯಲ್ ಮಾಡುವ ಮೋಡೆಮ್ಮನ್ನು ತಮ್ಮ ಮೇಜಿನ ಯಂತ್ರಕ್ಕೆ ಜೋಡಿಸಿದ್ದರು. ಯಾವ ಯಂತ್ರವೇ ಆಗಲಿ, ಮನೆಯೊಳಗೆ ಉತ್ತರ ಸಿಗದ ಪ್ರಶ್ನೆ ಕೇಳಿದರೆ, ಅವರ ಯಂತ್ರ ತಾನಾಗಿಯೇ ಫೋನು ಮಾಡಿ ಹೊರಗೆ ವಿಚಾರಿಸುತ್ತಿತ್ತು. ಡಯಲ್ ಆಗುವಾಗ ಮೋಡೆಮ್ ಕಿರುಚುವ ಸದ್ದು ಅಂದಿನ ಕಾರ್ಯದರ್ಶಿ ದೇವರಾಜು ಅವರಿಗೆ ತಲೆನೋವು ತರಿಸುತ್ತದೆಂದು ಅದರ ಬಾಯಿ ಮುಚ್ಚಿಸಲಾಗಿತ್ತು.

ನಮ್ಮ ಸಂಘದಲ್ಲಿ ಎಲ್ಲಕ್ಕೂ ಊರಿನ ಹೆಸರೇ. ಕಡತದ ಗಂಟುಗಳಿಗೆ ಊರ ಹೆಸರು, ಔಷಧಿಯ ಪೆಟ್ಟಿಗೆಗಳಿಗೆ ಊರ ಹೆಸರು. ಆ ರೂಢಿಯಂತೆ ದೊರೆಸ್ವಾಮಿಯವರು ಕಂಪ್ಯೂಟರುಗಳಿಗೂ ಕಿಕ್ಕೇರಿ, ಬಿಂಡಿಗನವಿಲೆ, ಅಕ್ಕಿಹೆಬ್ಬಾಳು ಎಂದು ಹೆಸರಿಟ್ಟು, ಮೇಲೆ ಚೀಟಿ ಅಂಟಿಸಿದ್ದರು. ಕಿಕ್ಕೇರಿ ಅವರದು. ಬಿಂಡಿಗನವಿಲೆ ರಂಜಿತಳದು. ಸದಸ್ಯರ ರಾಸುಗಳ ಪೂರ್ತಿ ಪಟ್ಟಿ ಇದ್ದದ್ದು ಅಕ್ಕಿಹೆಬ್ಬಾಳಿನಲ್ಲಿ. ರಂಜಿತಳ ಯಂತ್ರ ಕಾಲು ಗಂಟೆಗೊಮ್ಮೆ ಅಲ್ಲಿಗೆ ಹೋಗಿ ಆ ಪಟ್ಟಿಯ ಹೊಸ ಪ್ರತಿಯನ್ನು ತಂದುಕೊಳ್ಳುವಂತೆ ಅವರು ಏರ್ಪಾಡು ಮಾಡಿದ್ದರು.

ಮರುವರ್ಷದ ದಸರೆಯ ಮುಂಚೆ ಅಕ್ಕಿಹೆಬ್ಬಾಳಿನ ಸದಸ್ಯರು ನಾಲ್ಕು ಜನ ಕಚೇರಿಗೆ ಬಂದವರು ಆ ಚೀಟಿಯನ್ನು ಓದಿಬಿಟ್ಟರು. ‘ನಮ್ಮೂರ ಕಂಪ್ಯೂಟ್ರು ನಿಮ್ಮ ಪ್ಯಾಟೇಲಿ ಯಾಕದೆ? ನಮ್ಮೂರ್ಗೆ ಕಳ್ಸಿ’ ಎಂದು ಪಟ್ಟು ಹಿಡಿದರು. ಅದು ಬರೀ ಗುರುತಿಗೆ ಎಂದರೆ ಕೇಳುವವರು ಯಾರು? ಮಾತು ಆಡಳಿತ ಮಂಡಳಿಗೆ ಹೋಯಿತು. ಅಧ್ಯಕ್ಷ ಪುಟ್ಟಸ್ವಾಮಿಯವರು ಊರ ಮೇಲಿನ ಜಗಳ ಬೇಡವೆಂದು ಆ ಯಂತ್ರವನ್ನು ಅಕ್ಕಿಹೆಬ್ಬಾಳಿನ ಉಪಕೇಂದ್ರಕ್ಕೇ ಕಳಿಸಲು ಠರಾವು ಮಾಡಿದರು. ದೊರೆಸ್ವಾಮಿಯವರು ಪಟ್ಟಿಯನ್ನು ತಮ್ಮ ಯಂತ್ರಕ್ಕೆ ತುಂಬಿಕೊಂಡು, ಆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಮುಟ್ಟಿಸಿ ಬಂದರು. ಊರಿನವರು ಅದಕ್ಕೆ ಹೂವಿನ ಹಾರ ಹಾಕಿ ಬರಮಾಡಿಕೊಂಡರಂತೆ.

ಅಲ್ಲಿಂದ ಒಂದು ವಾರಕ್ಕೆ ಕಚೇರಿಯ ಫೋನು ಯಾವಾಗ ನೋಡಿದರೂ ಎಂಗೇಜ್ ಎಂಬ ದೂರು ಕಿವಿಗೆ ಬಿತ್ತು. ಎಕ್ಸ್‌ಚೇಂಜಿನವರು ಬಂದು ಲೈನು ಸರಿಯಾಗಿದೆ ಎಂದು ಹೋದರು. ಕಚೇರಿಯವರು ಫೋನೆತ್ತಿದರೆ ಒಳಗೆ ಗೊರಗೊರ ಸದ್ದು. ಅಂದರೆ ಇಂಟರ್ನೆಟ್ಟು ನಡೆಯುತ್ತಿದೆ ಎಂದರ್ಥ. ಎತ್ತಿದವರು ತಲೆ ತಿರುಗಿಸಿದರೆ ಎದುರಿಗೆ ಕಂಪ್ಯೂಟರಿನ ಮುಂದೆ ರಂಜಿತ ಕುಳಿತಿರುತ್ತಿದ್ದಳು. ದೊರೆಸ್ವಾಮಿಯವರು ಮೊದಲು ಇಮೇಲನ್ನು ಶಂಕಿಸಿ ಅದನ್ನು ನಿಲ್ಲಿಸಿ ನೋಡಿದರು, ಫಲವಿಲ್ಲ. ಆಮೇಲೆ ಎಂಗೇಜ್ ಆದ ಗಳಿಗೆಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು. ರಂಜಿತ ರಜೆ ಹಾಕಿ, ಅವಳ ಯಂತ್ರ ಆರಿಸಿಯೇ ಇದ್ದ ಎರಡು ದಿನ ಫೋನು ಬೆಳಗಿನಿಂದ ಸಂಜೆಯವರೆಗೂ ಸ್ವಚ್ಛವಾಗಿತ್ತು. ‘ಇದು ಬಿಂಡಿಗನವಿಲೆ ಯಂತ್ರದಿಂದಲೇ ಹೊರಡ್ತಿದೆ’ ಎಂದು ಅವರು ಕಾರ್ಯದರ್ಶಿಗೆ ತಿಳಿಸಿದರು. ಅಷ್ಟು ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ದೇವರಾಜು; ಯಂತ್ರ ಎಂದದ್ದು ಅವರ ಕಿವಿಯಲ್ಲಿ ಹುಡುಗಿ ಎಂದೇ ಆಯಿತು.

ಇಷ್ಟರಲ್ಲೇ ಆಗಬಾರದ್ದು ಆಗಿಹೋಯಿತು. ಕಿಕ್ಕೇರಿ ಆಚೆಯ ಹಳ್ಳಿಯೊಂದರ ಚಿಕ್ಕಬೋರಮ್ಮನವರ ಹಸು ಈಯಲಾರದೆ ನೆಲ ಹಿಡಿಯಿತು. ಆಕೆ ಅಂಗಡಿಯ ಕಾಯಿನ್ ಫೋನಿನಿಂದ ಬೆಳಗ್ಗೆ ಎಂಟು ಗಂಟೆಗೆ ಶುರುಮಾಡಿ ಹನ್ನೊಂದು ಸಲ ಕರೆ ಮಾಡಿದರು. ಹನ್ನೊಂದು ಸಲವೂ ಎಂಗೇಜ್. ವೈದ್ಯರು ಬೇರೆ ಯಾರಿಂದಲೋ ತಿಳಿದು ಹೋಗಿ ಮುಟ್ಟುವ ಹೊತ್ತಿಗೆ ಹಸು, ಕರು ಎರಡೂ ಹೋಗಿದ್ದವು. ಮೂರನೆಯ ದಿನ ಆಕೆ ಕಚೇರಿಗೆ ಬಂದು ನೇರ ರಂಜಿತಳ ಮೇಜಿನ ಮುಂದೆ ನಿಂತರು.

‘ಅನ್ನೊಂದ್ ಸಲ ಮಾಡುದ್ನಲ್ಲವ್ವ. ಯಾರ್ ಕುಟ್ಟೆ ಮಾತಾಡ್ತಾ ಇದ್ದೆ ನೀನು?’

ಆಕೆ ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ಕೇಳಿದರು. ಇಪ್ಪತ್ಮೂರು ವರ್ಷ ಕಳೆದರೂ ಆ ಪ್ರಶ್ನೆಯನ್ನು ಹೇಳುವಾಗ ರಂಜಿತ ಅವರ ದನಿ ಇಳಿಯುತ್ತದೆ.

ಮರುದಿನ ನೋಟೀಸು ಬಂತು. ಕಚೇರಿಯ ಫೋನನ್ನು ಇಂಟರ್ನೆಟ್ಟಿನಲ್ಲಿ ಖಾಸಗಿ ಹರಟೆಗೆ ಬಳಸಿ ಸದಸ್ಯರ ರಾಸಿನ ಸಾವಿಗೆ ಕಾರಣರಾದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಹದಿನೈದು ದಿನದಲ್ಲಿ ಉತ್ತರಿಸಿ. ಆ ದಿನಗಳಲ್ಲಿ ‘ಚಾಟಿಂಗ್’ ಎಂಬ ಮಾತು ಹೆಣ್ಣುಮಕ್ಕಳ ವಿಷಯದಲ್ಲಿ ಏನೆಲ್ಲ ಅರ್ಥ ಕೊಡುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿನವರು, ಯಾವನೋ ಇದ್ದಾನಂತೆ ಎಂದು ಪಿಸುಗುಟ್ಟುವುದು ಅವಳಿಗೇ ಕೇಳಿಸಿತು. ಮನೆಯಲ್ಲಿ ನೋಟೀಸು ಓದಿಸಿಕೊಂಡ ಶಿವಣ್ಣನವರು, ‘ಕೆಲ್ಸ ಓದ್ರೆ ಇನ್ನೊಂದ್ ಸಿಕ್ತದೆ ಕಣವ್ವ. ಮಾತು ಬಂದ್ಬುಟ್ರೆ ಅದು ಓಗಕಿಲ್ಲ’ ಎಂದರು.

ಮರುದಿನ ಅವಳು ದೊರೆಸ್ವಾಮಿಯವರ ಮೇಜಿಗೆ ಹೋದಳು. ‘ಸಾರ್, ನನ್ ಕಂಪ್ಯೂಟ್ರಿಂದ್ಲೇ ಅಂತ ನೀವೇ ಏಳುದ್ರಂತೆ.’

‘ಹೇಳ್ದೆ. ಅದು ನಿಜವೇ.’

‘ಅಂಗಾರೆ ನಾನೇ ಮಾಡಿವ್ನಿ ಅಂತೀರಾ?’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೀನು ಮಾಡಿದೀಯಾ?’

‘ಇಲ್ಲ ಸಾರ್.’

‘ಸರಿ ಕಣಮ್ಮ. ಹಾಗಾದ್ರೆ ಯಂತ್ರ ತಾನೇ ಮಾಡ್ತಿದೆ. ಯಾಕೆ ಮಾಡ್ತಿದೆ ಅಂತ ತಿಳಿದುಕೊಂಡು ನಾನು ಬಾಯಿ ಬಿಡಬೇಕಿತ್ತು. ಅರ್ಧ ಹೇಳಿ ನಿನ್ನ ತಲೆ ಮೇಲೆ ತಂದೆ.’

ಕಚೇರಿಯಲ್ಲಿ ಅವಳನ್ನು ನೇರವಾಗಿ ಕೇಳಿದವರು ಅವರೊಬ್ಬರೇ. ಕೇಳಿದ ಮೇಲೆ ಉತ್ತರವನ್ನು ನಂಬಿದವರೂ ಅವರೊಬ್ಬರೇ.

ಶನಿವಾರ ಬೆಳಗ್ಗೆ ಅವರು ರಂಜಿತಳನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿ, ಸಾಕ್ಷಿಗೆಂದು ದೇವರಾಜು ಅವರನ್ನೂ ಅವಳ ಪಕ್ಕದಲ್ಲೇ ಕೂರಿಸಿದರು. ಒಳಗೆ ಅವಳ ಯಂತ್ರ ಹಾಕಿಯೇ ಇತ್ತು, ಮುಂದೆ ಯಾರೂ ಇರಲಿಲ್ಲ. ಮುಚ್ಚಿಸಿದ್ದ ಮೋಡೆಮ್ಮಿನ ಬಾಯಿಯನ್ನು ಮತ್ತೆ ತೆರೆದಿಟ್ಟು, ತಾವೂ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತರು. ಹತ್ತು ನಿಮಿಷ ಕಳೆದಿರಬಹುದು. ಖಾಲಿ ಕೋಣೆಯೊಳಗಿನಿಂದ ಟಕಟಕ ಡಯಲ್ ಆಗುವ ಸದ್ದು, ಅದರ ಹಿಂದೆಯೇ ಆ ಕಿರುಚಾಟ.

‘ಯಾವನ್ಲಾ ಅದು ಒಳಿಕೆ?’ ಎನ್ನುತ್ತಾ ದೇವರಾಜು ಎದ್ದು ಓಡಿದರು. ಒಳಗೆ ಫ್ಯಾನು ತಿರುಗುತ್ತಿತ್ತು, ಅಷ್ಟೆ.

ಆ ಹೊತ್ತಿಗೆ ದೊರೆಸ್ವಾಮಿಯವರು ಇನ್ನೊಂದು ಕೆಲಸವನ್ನೂ ಮಾಡಿಟ್ಟಿದ್ದರು. ಹೊರಗೆ ಹೋಗುವ ಪ್ರತಿಯೊಂದು ಪ್ರಶ್ನೆಯನ್ನೂ ತಮ್ಮ ಯಂತ್ರ ಒಂದು ಕಡೆ ಬರೆದಿಡುವಂತೆ ಮಾಡಿದ್ದರು. ಅದನ್ನು ತೆರೆದಾಗ ಪರದೆಯ ಉದ್ದಕ್ಕೂ ಒಂದೇ ಸಾಲು, ಕಾಲು ಗಂಟೆಗೊಮ್ಮೆ: ಅಕ್ಕಿಹೆಬ್ಬಾಳು, ಅಕ್ಕಿಹೆಬ್ಬಾಳು, ಅಕ್ಕಿಹೆಬ್ಬಾಳು. ರಂಜಿತಳ ಯಂತ್ರ ಹಳೆಯ ಏರ್ಪಾಡಿನಂತೆ ರಾಸುಗಳ ಪಟ್ಟಿಗಾಗಿ ಆ ಹೆಸರಿನ ಯಂತ್ರವನ್ನು ಹುಡುಕುತ್ತಿತ್ತು. ಅದು ಹೂವಿನ ಹಾರ ಹಾಕಿಸಿಕೊಂಡು ಊರು ಸೇರಿತ್ತಲ್ಲ. ಮನೆಯೊಳಗೆ ಸಿಗದಾಗ ಅವರ ಯಂತ್ರ ಫೋನು ಮಾಡಿ, ಅಕ್ಕಿಹೆಬ್ಬಾಳು ಎಲ್ಲಿದೆ ಎಂದು ಪ್ರಪಂಚವನ್ನೆಲ್ಲ ಕೇಳುತ್ತಿತ್ತು. ಅಂಥವರು ಯಾರೂ ಇಲ್ಲ ಎಂಬ ಉತ್ತರ ಕ್ಷಣದಲ್ಲೇ ಬರುತ್ತಿತ್ತು. ಆದರೂ ಲೈನು ತಾನಾಗಿ ಕಡಿಯಲು ಹದಿಮೂರು ನಿಮಿಷ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಹುಡುಕಾಟ. ಬಸ್ಸು ಹತ್ತಿದರೆ ಸಿಗುವ ಊರಿಗಾಗಿ ಭೂಮಂಡಲವನ್ನೇ ವಿಚಾರಿಸುವ ಈ ಕೆಲಸವನ್ನು ಅದಕ್ಕೆ ಕಲಿಸಿದ್ದವರು, ಪೆಟ್ಟಿಗೆಯನ್ನು ಸಾಗಿಸುವಾಗ ಆ ಕಲಿಕೆಯನ್ನು ಅಳಿಸಲು ಮರೆತವರು, ಸ್ವತಃ ದೊರೆಸ್ವಾಮಿಯವರು.

ಸರಿಪಡಿಸಲು ಹಿಡಿದದ್ದು ಆರು ನಿಮಿಷ. ಹಳೆಯ ಏರ್ಪಾಡನ್ನು ಅಳಿಸಿದರು, ಮನೆಯೊಳಗಿನ ಯಂತ್ರಗಳ ಹೆಸರನ್ನು ಮನೆಯೊಳಗೇ ಬರೆದಿಟ್ಟು, ಊರ ಹೆಸರನ್ನು ಹೊರಗೆ ಕೇಳಕೂಡದೆಂದು ಕಟ್ಟು ಹಾಕಿದರು. ಅಲ್ಲಿಗೆ ಫೋನು ತಣ್ಣಗಾಯಿತು. ಅಲ್ಲಿಗೇ ಅವರೂ ತಣ್ಣಗಾಗಬಹುದಿತ್ತು. ಮುಂದಿನ ತಿಂಗಳು ಅವರ ಬಡ್ತಿ ಮಂಡಳಿಯ ಮುಂದೆ ಬರಲಿತ್ತು. ಅದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಅವರು ಸೋಮವಾರ ಮಂಡಳಿಯ ಸಭೆಗೆ ಹೋಗಿ ನಡೆದದ್ದನ್ನು ಮೊದಲಿನಿಂದ ಹೇಳಿದರು. ರಂಜಿತಳನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ಅಧ್ಯಕ್ಷ ಪುಟ್ಟಸ್ವಾಮಿಯವರು ದೊಡ್ಡ ಮನಸ್ಸಿನವರು. ಎಲ್ಲವನ್ನೂ ಕೇಳಿ ಕೈಯಾಡಿಸಿಬಿಟ್ಟರು.

‘ಓಗ್ಲಿ ಬುಡಿ ಸ್ವಾಮೇರೆ. ಮಿಸನ್ನು ಕೆಟ್ಟಿತ್ತು ಅಂತ ಬರ್ಕಳವ. ಆ ಮಗೀಗೂ ಬ್ಯಾಡ, ನಿಮ್ಗೂ ಬ್ಯಾಡ.’

‘ಯಂತ್ರ ಕೆಟ್ಟಿರಲಿಲ್ಲ ಯಜಮಾನರೇ. ನಾನು ಹೇಳಿದ್ದನ್ನೇ ಮಾಡ್ತಿತ್ತು. ಕೆಟ್ಟಿತ್ತು ಅಂತ ಬರೆದರೆ, ಕೆಡಿಸಿದ್ದು ಯಾರು ಅಂತ ಊರಿನವರು ನಾಳೆ ಕೇಳ್ತಾರೆ. ಆಗ ಅವರ ಬಾಯಿಗೆ ಈ ಹುಡುಗಿ ಹೆಸರೇ ಬರೋದು.’

‘ನಿಮ್ಮ ಪ್ರಮೋಸನ್ನು?’

‘ಅದು ಇನ್ನೊಂದು ಸಲ ಬರುತ್ತೆ.’

ಬರಲು ಏಳು ವರ್ಷ ಬೇಕಾಯಿತು. ಅಂದು ಮಂಡಳಿ ಒಂದೇ ಪುಟದ ಒಂದು ಆದೇಶ ಬರೆಯಿತು. ದೊರೆಸ್ವಾಮಿಯವರ ಅಜಾಗರೂಕತೆಯಿಂದ ಫೋನು ತಾನಾಗಿ ಡಯಲ್ ಆಗುತ್ತಿತ್ತೆಂದೂ, ಅವರಿಗೆ ಎಚ್ಚರಿಕೆ ನೀಡಿ, ಬಡ್ತಿ ತಡೆದು, ನಾಗಮಂಗಲಕ್ಕೆ ವರ್ಗ ಮಾಡಲಾಗಿದೆಯೆಂದೂ, ಕುಮಾರಿ ರಂಜಿತ ನಿರ್ದೋಷಿಯಾಗಿದ್ದು ಅವರಿಗೆ ಕೊಟ್ಟ ನೋಟೀಸನ್ನು ಹಿಂಪಡೆಯಲಾಗಿದೆಯೆಂದೂ ಅದರಲ್ಲಿತ್ತು. ಅದರ ಪ್ರತಿಯನ್ನು ಕಚೇರಿಯ ಹಲಗೆಗೆ ಹಚ್ಚಬೇಕೆಂದು ಕೇಳಿಕೊಂಡವರೂ ದೊರೆಸ್ವಾಮಿಯವರೇ. ಕಿಕ್ಕೇರಿ ಬಸ್ಸಿನವರು ಓದಿಕೊಳ್ಳಲಿ ಎಂದರಂತೆ.

ನಾಗಮಂಗಲಕ್ಕೆ ಹೊರಡುವ ಮುಂಚೆ ಅವರು ರಂಜಿತಳನ್ನೂ ಶಿವಣ್ಣನವರನ್ನೂ ಕರೆದುಕೊಂಡು ಚಿಕ್ಕಬೋರಮ್ಮನವರ ಮನೆಗೆ ಹೋದರು. ಖಾಲಿ ಗೂಟದ ಮುಂದೆ ನಿಂತು, ಲೈನು ಕಟ್ಟಿಹೋದದ್ದು ತಮ್ಮಿಂದ, ಈ ಮಗು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ ಎಂದರು. ಚಿಕ್ಕಬೋರಮ್ಮ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

‘ನೀವ್ ಏಳುದ್ರೆ ನನ್ ಹಸ ಬಂದದಾ ಸ್ವಾಮಿ?’

‘ಬರಲ್ಲ ತಾಯಿ.’

‘ಊಂ. ಬರ್ದೆ ಇದ್ರೂ ಬಂದು ಏಳುದ್ರಲ್ಲ.’ ಆಕೆ ರಂಜಿತಳ ಕಡೆ ತಿರುಗಿದರು. ‘ಅವತ್ತು ನಿನ್ನ ಅಂಗೆ ಕೇಳ್ಬುಟ್ಟೆ ಕಣ್ ಮಗ. ಒಟ್ಟೇಗ್ ಆಕ್ಕೊ.’ ಪಕ್ಕದ ಮನೆಯಿಂದ ಮಜ್ಜಿಗೆ ತರಿಸಿ ಮೂವರಿಗೂ ಕೊಟ್ಟರು. ಅದನ್ನು ಕುಡಿಯುವುದು ತಮಗೆ ಎಷ್ಟು ಕಷ್ಟವಾಯಿತೆಂದು ದೊರೆಸ್ವಾಮಿಯವರು ಎಂದೂ ಹೇಳಿಲ್ಲ. ಮುಂದಿನ ಸಾಲಿನ ಅನುದಾನದ ಪಟ್ಟಿಯಲ್ಲಿ ಆಕೆಗೊಂದು ಹಸು ಸಿಗುವಂತೆ ಅವರು ಬರೆದ ಅರ್ಜಿಗಳ ನಕಲುಗಳು ಮಾತ್ರ ಕಡತದಲ್ಲಿವೆ; ನಾಲ್ಕನೆಯ ಅರ್ಜಿಗೆ ಹಸು ಬಂತು.

ಶಿಕ್ಷೆಯಾಗಿ ಕೊಟ್ಟ ನಾಗಮಂಗಲವನ್ನು ಅವರು ನಿವೃತ್ತಿಯವರೆಗೂ ಬಿಟ್ಟು ಬರಲಿಲ್ಲ. ತುರ್ತು ಕರೆಗೆ ಬೇರೆಯದೇ ಫೋನು, ಕಂಪ್ಯೂಟರಿಗೆ ಬೇರೆಯದೇ ಲೈನು ಎಂಬ ನಿಯಮ ಮೊದಲು ಜಾರಿಗೆ ಬಂದದ್ದು ಅಲ್ಲಿ. ಬಿಂಡಿಗನವಿಲೆ ಕಡೆಯ ಕುರಿಗಾಹಿಗಳಿಗೆ ಮೊಬೈಲಿನಲ್ಲಿ ರೋಗದ ಕುರಿಯ ಚಿತ್ರ ತೆಗೆದು ವೈದ್ಯರಿಗೆ ಕಳಿಸುವುದನ್ನು ಅವರು ಹಟ್ಟಿಯಿಂದ ಹಟ್ಟಿಗೆ ನಡೆದು ಕಲಿಸಿದರು. ಅಂಚೆ ಮೂಲಕ ಪದವಿ ಓದುತ್ತಿದ್ದ ರಂಜಿತಳಿಗೆ ಅಲ್ಲಿಂದಲೇ ಟಿಪ್ಪಣಿ ಬರೆದು ಕಳಿಸಿದರು. ಅವಳ ಮದುವೆಗೆ ಬಂದು, ಕಚೇರಿಯಲ್ಲಿ ಈಕೆಯನ್ನು ಮೀರಿದ ಕೆಲಸಗಾರ್ತಿ ಇಲ್ಲವೆಂದು ಬೀಗರಿಗೆ ಹತ್ತು ಸಲ ಹೇಳಿ, ಬೀಗರು ಗಾಬರಿಯಾಗುವಂತೆ ಮಾಡಿದರು. ೨೦೧೯ರಲ್ಲಿ ಆಕೆ ಸಂಘದ ಕಾರ್ಯದರ್ಶಿಯಾದಾಗ ಮೊದಲು ಎದ್ದು ನಿಂತು ‘ಮೇಡಂ’ ಎಂದವರೂ ಅವರೇ. ಅದಕ್ಕೆ ಆಕೆ ಅತ್ತುಬಿಟ್ಟದ್ದು ನಾವೆಲ್ಲ ಕಂಡದ್ದು.

ಈ ವರ್ಷ ಅವರ ನಿವೃತ್ತಿಯ ಕಾಗದಗಳು ರಂಜಿತ ಅವರ ಮೇಜಿಗೆ ಬಂದವು. ಮೂವತ್ತಾರು ವರ್ಷದ ಸೇವಾ ಪುಸ್ತಕದಲ್ಲಿ ಇದ್ದ ಒಂದೇ ಒಂದು ಕಪ್ಪು ಚುಕ್ಕೆ ೨೦೦೨ರ ಆ ಎಚ್ಚರಿಕೆಯ ಆದೇಶ. ಅದನ್ನು ರದ್ದುಪಡಿಸಿ, ಆ ಹಾಳೆಯನ್ನು ತೆಗೆದು, ನಿಷ್ಕಳಂಕ ಪುಸ್ತಕವನ್ನು ಅವರ ಕೈಗೆ ಕೊಡಬೇಕೆಂದು ಆಕೆ ಮಂಡಳಿಯಲ್ಲಿ ಠರಾವು ಮಾಡಿಸಿದರು. ಋಣ ತೀರಿಸಲು ತಮಗಿರುವ ದಾರಿ ಅದೊಂದೇ ಎಂದು ಅವರ ಎಣಿಕೆ. ಠರಾವನ್ನು ಓದಿದ ದೊರೆಸ್ವಾಮಿಯವರು ಅದನ್ನು ಮಡಿಸಿ ಮರಳಿ ಕೊಟ್ಟರು.

‘ನಿನ್ನ ಕಡತದಲ್ಲಿದ್ದ ಪ್ರತಿ ಗೆದ್ದಲು ಹಿಡಿದು ಹೋಯ್ತಲ್ಲಮ್ಮ, ಕಚೇರಿ ಬದಲಾಯಿಸಿದಾಗ. ಉಳಿದಿರೋದು ಇದೊಂದೇ. ನನ್ನ ತಪ್ಪು ಅಂತ ಬರೆದಿರೋ ಹಾಳೆಲೇ ನೀನು ನಿರ್ದೋಷಿ ಅಂತಾನೂ ಬರೆದಿದೆ. ಇದನ್ನ ಕಿತ್ತು ನಾನು ಮನೆಗೆ ಏನು ತಗೊಂಡು ಹೋಗ್ಲಿ?’

ಕಾರ್ಯದರ್ಶಿಯವರು ಆ ಮಧ್ಯಾಹ್ನ ಬೇರೆ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಸೇವಾ ಪುಸ್ತಕ ಆ ಹಾಳೆಯ ಸಮೇತವೇ ಮುಕ್ತಾಯವಾಯಿತು.

ಶ್ರೀಯುತ ದೊರೆಸ್ವಾಮಿಯವರು ಈಗ ಶ್ರೀರಂಗಪಟ್ಟಣದ ಮನೆಗೆ ಮರಳಿದ್ದಾರೆ. ಬಿಡುವಾಗಿದ್ದೇನೆ ಎನ್ನುತ್ತಾರೆ, ಆದರೆ ನಾಲ್ಕು ತಾಲ್ಲೂಕಿನ ಕೆಟ್ಟ ಯಂತ್ರಗಳಿಗೆ ಆ ಮನೆಯ ದಾರಿ ಆಗಲೇ ಗೊತ್ತಾಗಿದೆ. ಅವರ ಕಣ್ಣು ಕೈ ಗಟ್ಟಿಯಾಗಿರಲಿ, ಪೆನ್ಸಿಲು ಸವೆಯುತ್ತಿರಲಿ, ಶತಾಯುಷಿಗಳಾಗಿ ನಮ್ಮ ತಪ್ಪುಗಳನ್ನು ತಿದ್ದುತ್ತಿರಲಿ ಎಂದು ಸಂಘದ ಸಿಬ್ಬಂದಿಯೆಲ್ಲ ಕೈಮುಗಿದು ಹಾರೈಸುತ್ತೇವೆ. ಮೂವತ್ತಾರು ವರ್ಷದ ಪುಸ್ತಕದಲ್ಲಿ ಅವರು ತಮಗಾಗಿ ಉಳಿಸಿಕೊಂಡದ್ದು ಒಂದೇ ಹಾಳೆ, ಅದೂ ಇನ್ನೊಬ್ಬರ ಮಾನಕ್ಕೆ ಬೇಕಾಗಿದ್ದದ್ದು.